ತನ್ನದೇ ಪಾಠವನ್ನು ಕೇಳಿಸಿಕೊಂಡ ಶಿಕ್ಷಕಿ: ಸ್ವಯಂ ತರಬೇತಿಯ ಒಂದು ಪ್ರಕರಣ

ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕಿನಲ್ಲಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಕನ್ನಡ ಶಿಕ್ಷಕಿಯೊಬ್ಬರು 2022-23ರ ಶೈಕ್ಷಣಿಕ ವರ್ಷದಲ್ಲಿ ತಮಗೆ ತಾವೇ ತರಬೇತಿ ಕೊಟ್ಟುಕೊಂಡ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಅದಕ್ಕೆ ಯಾರ ಆದೇಶವೂ ಇರಲಿಲ್ಲ, ಭತ್ಯೆಯೂ ಇರಲಿಲ್ಲ. ಶಾಲೆ, ಊರು, ವ್ಯಕ್ತಿಗಳ ಹೆಸರುಗಳನ್ನು ಕೊಟ್ಟಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಶಿಕ್ಷಕರ ತರಬೇತಿ ನನ್ನ ವೃತ್ತಿ. ಶಿಕ್ಷಕಿ ತಮ್ಮ ಟಿಪ್ಪಣಿ ಪುಸ್ತಕವನ್ನು ಓದಲು ಕೊಟ್ಟರು, ಬರೆದದ್ದನ್ನು ಪ್ರಕಟಣೆಗೆ ಮೊದಲು ಅವರೂ ಓದಿ ಒಪ್ಪಿದ್ದಾರೆ.

ಶಾಲೆ, ತರಗತಿ, ಶಿಕ್ಷಕಿ

ಶಾಲೆಯಲ್ಲಿ 1ರಿಂದ 7ರವರೆಗೆ ತರಗತಿಗಳಿವೆ. ಊರಿನ ಮಕ್ಕಳು ಕನ್ನಡ ಮಾತನಾಡುತ್ತಾರೆ, ಪಕ್ಕದ ತಾಂಡಾದಿಂದ ಬರುವವರ ಮನೆಮಾತು ಲಂಬಾಣಿ. ಗಡಿ ಹತ್ತಿರವಿರುವುದರಿಂದ ತೆಲುಗು ಮಾತನಾಡುವ ಮನೆಗಳೂ ಇವೆ. ಶಿಕ್ಷಕಿಗೆ ಹದಿನೈದು ವರ್ಷಕ್ಕೂ ಹೆಚ್ಚಿನ ಅನುಭವವಿದೆ. ಆ ವರ್ಷ ಅವರ ಪಾಲಿಗೆ ಬಂದದ್ದು ನಾಲ್ಕನೆಯ ತರಗತಿ. ಅದರಲ್ಲಿ ಮೂವತ್ತರ ಆಸುಪಾಸು ಮಕ್ಕಳಿದ್ದರು.

ಆ ಮಕ್ಕಳ ಹಿಂದಿನ ಮೂರು ವರ್ಷಗಳನ್ನು ನೆನಪಿಸಿಕೊಳ್ಳದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಅವರು ಒಂದನೆಯ ತರಗತಿ ಮುಗಿಸುವ ಹೊತ್ತಿಗೆ, 2020ರ ಮಾರ್ಚ್‌ನಲ್ಲಿ, ಶಾಲೆಗಳು ಮುಚ್ಚಿದವು. ಎರಡನೆಯ ತರಗತಿ ಹೆಸರಿಗೆ ಮಾತ್ರ ನಡೆಯಿತು. ರಾಜ್ಯದಲ್ಲಿ 1ರಿಂದ 5ರವರೆಗಿನ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆಗ ಅವರು ಮೂರನೆಯ ತರಗತಿಯ ಮಧ್ಯದಲ್ಲಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ ಮುಂದೆ ರಾಜ್ಯದ ಎಲ್ಲೆಡೆಗೆ ಹಬ್ಬಿದ ನಲಿ-ಕಲಿ ಪದ್ಧತಿ ಇರುವುದೇ ಈ ಮೊದಲ ಮೂರು ತರಗತಿಗಳಿಗಾಗಿ. ತಟ್ಟೆಗಳೆಂಬ ಸಣ್ಣ ಗುಂಪುಗಳಲ್ಲಿ ಕುಳಿತು, ಚಟುವಟಿಕೆಯ ಕಾರ್ಡು ಹಿಡಿದು, ತಮ್ಮ ವೇಗದಲ್ಲಿ ಕಲಿಕೆಯ ಏಣಿ ಹತ್ತಬೇಕಾದ ಮಕ್ಕಳು ಆ ಏಣಿಯ ನಡುವಿನ ಮೆಟ್ಟಿಲುಗಳನ್ನೇ ಕಾಣದೆ ನಾಲ್ಕನೆಯ ತರಗತಿಯ ಪಠ್ಯಪುಸ್ತಕದ ಎದುರು ಸಾಲಾಗಿ ಕುಳಿತರು. ಸರ್ಕಾರ ಆ ವರ್ಷವನ್ನು ಕಲಿಕಾ ಚೇತರಿಕೆಯ ವರ್ಷವೆಂದು ಘೋಷಿಸಿ ಕಲಿಕಾ ಹಾಳೆಗಳನ್ನು ಕಳಿಸಿತ್ತು. ಹಾಳೆಗಳು ಚೆನ್ನಾಗಿಯೇ ಇದ್ದವು. ಆದರೆ ಹಾಳೆಯನ್ನು ಓದಿಕೊಳ್ಳಲು ಮಕ್ಕಳಿಗೆ ಓದು ಬರಬೇಕಿತ್ತು.

ಶಿಕ್ಷಕಿಗೆ ತರಬೇತಿಯ ಕೊರತೆಯೇನೂ ಇರಲಿಲ್ಲ. 2020ರಲ್ಲಿ ಕೇಂದ್ರ ಸರ್ಕಾರದ ನಿಷ್ಠಾ ಶಿಕ್ಷಕರ ತರಬೇತಿ ದೀಕ್ಷಾ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ಮೂಲಕ ಮೊಬೈಲಿಗೆ ಬಂದಾಗ 18 ಘಟಕಗಳನ್ನೂ ಮುಗಿಸಿದ್ದರು. ಅದಕ್ಕೂ ಮೊದಲು ರಾಜ್ಯದ ಶಿಕ್ಷಕರ ತರಬೇತಿ ಕಾರ್ಯಕ್ರಮವಾದ ಗುರುಚೇತನದಲ್ಲಿ ತಾವೇ ಆರಿಸಿಕೊಂಡ ಭಾಷಾ ಮಾಡ್ಯೂಲಿನ ತರಬೇತಿಗೆ ಹೋಗಿಬಂದಿದ್ದರು. ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಅಭಿವೃದ್ಧಿಯಲ್ಲಿ ತೊಡಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಆ ಗಂಟೆಗಳ ಲೆಕ್ಕದಲ್ಲಿ ಇವರು ಹಿಂದೆ ಬಿದ್ದವರಲ್ಲ. "ವಿಡಿಯೋ ನೋಡುವಾಗ ಎಲ್ಲವೂ ಸರಿ ಅನ್ನಿಸುತ್ತದೆ. ಮರುದಿನ ತರಗತಿಯೊಳಗೆ ಹೋದರೆ ಅದರಲ್ಲಿ ಯಾವುದನ್ನು ಎಲ್ಲಿ ಇಡಬೇಕೋ ತಿಳಿಯುವುದಿಲ್ಲ," ಎಂದು ಅವರು ಹೇಳಿದ ಮಾತನ್ನು ನಾನು ಬೇರೆ ಬೇರೆ ಶಿಕ್ಷಕರ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಇದು ಆಲಸ್ಯದ ಮಾತಲ್ಲ. ಘಟಕದ ಕ್ರಮವನ್ನು ಬರೆದವರು ಆ ತರಗತಿಯನ್ನು ನೋಡಿದವರಲ್ಲ, ನೋಡಲು ಸಾಧ್ಯವೂ ಇಲ್ಲ.

ಎಲ್ಲ ಸರಿಯಿದೆ ಎಂದ ಅಳತೆಗೋಲು

ಸಮಸ್ಯೆ ಹೊರಗೆ ಕಂಡದ್ದು ಹೀಗೆ. ಮಕ್ಕಳು ಒಟ್ಟಾಗಿ ಪಾಠ ಓದುತ್ತಿದ್ದರು, ಹಲಗೆಯ ಮೇಲಿನದನ್ನು ದುಂಡಗೆ ಬರೆದುಕೊಳ್ಳುತ್ತಿದ್ದರು, ಪದ್ಯವನ್ನು ಹಾಡುತ್ತಿದ್ದರು. ಅದೇ ಪಾಠದ ಬಗ್ಗೆ ಒಂದು ಮಗುವನ್ನು ನಿಲ್ಲಿಸಿ "ಅಜ್ಜಿ ಏಕೆ ಬೇಸರ ಮಾಡಿಕೊಂಡಳು?" ಎಂದು ಕೇಳಿದರೆ ತಲೆ ತಗ್ಗಿಸುತ್ತಿತ್ತು, ಇಲ್ಲವೇ ಪುಸ್ತಕದ ಯಾವುದೋ ಸಾಲನ್ನು ಇದ್ದಂತೆಯೇ ಒಪ್ಪಿಸುತ್ತಿತ್ತು. ಶಿಕ್ಷಕಿಯ ಮೊದಲ ತೀರ್ಮಾನ ಶಿಕ್ಷಕರ ಕೊಠಡಿಯಲ್ಲಿ ದಿನವೂ ಕೇಳಿಬರುವಂಥದ್ದೇ: ಎರಡು ವರ್ಷ ಶಾಲೆ ಇರಲಿಲ್ಲ, ಮನೆಯಲ್ಲಿ ಕನ್ನಡ ಇಲ್ಲ, ಏನು ಮಾಡಲಾಗುತ್ತದೆ?

ಜೂನ್ ಕೊನೆಯಲ್ಲಿ ಅವರು ಒಂದು ಸ್ವಮೌಲ್ಯಮಾಪನ ಮಾಡಿಕೊಂಡರು. ಪ್ರಾಥಮಿಕ ಶಿಕ್ಷಕರಿಗಾಗಿ ಎನ್‌ಸಿಇಆರ್‌ಟಿ ರೂಪಿಸಿದ ಪಿಂಡಿಕ್ಸ್ ಎಂಬ ಕಾರ್ಯಕ್ಷಮತೆಯ ಸೂಚಕಗಳ ಪಟ್ಟಿಯಿದೆ. ಪ್ರತಿ ಸೂಚಕದ ಎದುರು ಶಿಕ್ಷಕರು ನಾಲ್ಕು ಹಂತಗಳಲ್ಲಿ ತಮ್ಮನ್ನು ತಾವೇ ಅಳೆದುಕೊಳ್ಳಬೇಕು. ಇವರು ಪ್ರಾಮಾಣಿಕವಾಗಿಯೇ ತುಂಬಿದರು. ಮಕ್ಕಳಿಗೆ ಮಾತನಾಡಲು, ಪ್ರಶ್ನೆ ಕೇಳಲು ಅವಕಾಶ ಕೊಡುವ ಬಗೆಗಿನ ಸಾಲುಗಳಲ್ಲಿ ತಮಗೆ ಮೂರನೆಯ ಹಂತ ಕೊಟ್ಟುಕೊಂಡರು. ಪಟ್ಟಿ ತುಂಬಿ ಮುಗಿದಾಗ ಅವರಿಗೆ ಸಿಕ್ಕ ಉತ್ತರ, ತಮ್ಮ ಕಲಿಸುವಿಕೆ ಹೆಚ್ಚು ಕಡಿಮೆ ಸರಿಯಾಗಿದೆ ಎಂಬುದು.

ಇಂಥ ಪಟ್ಟಿಗಳ ಮಿತಿ ಇಲ್ಲೇ ಇದೆ. ಶಿಕ್ಷಕರು ತರಗತಿಯೊಳಗೆ ಏನು ಮಾಡಬೇಕೆಂದು ಬಯಸಿದ್ದರೋ ಅದು ಅವರ ನೆನಪಿನಲ್ಲಿ ಉಳಿದಿರುತ್ತದೆ. ಏನು ನಡೆಯಿತೆಂಬುದು ಉಳಿದಿರುವುದಿಲ್ಲ. ಮೂವತ್ತು ಮಕ್ಕಳ ನಡುವೆ ನಿಂತು, ಹಲಗೆ ನೋಡುತ್ತ, ಬಾಗಿಲಿಗೆ ಬಂದ ಬಿಸಿಯೂಟದ ಅಡುಗೆಯವರಿಗೆ ಹಾಜರಾತಿ ಸಂಖ್ಯೆ ಹೇಳುತ್ತ ಪಾಠ ಮಾಡುವವರು ತಮ್ಮನ್ನು ತಾವೇ ಗಮನಿಸಿಕೊಳ್ಳುವುದು ಹೇಗೆ? ಪಟ್ಟಿಗೆ ಬೇಕಾದದ್ದು ಪ್ರಾಮಾಣಿಕತೆಯಷ್ಟೇ ಅಲ್ಲ, ಪುರಾವೆ.

ಧ್ವನಿಮುದ್ರಣ

ಪುರಾವೆಯ ಯೋಚನೆ ಬಂದದ್ದು ಬಿ.ಇಡಿ. ಓದುವಾಗಿನ ಟಿಪ್ಪಣಿಗಳಿಂದ. ನಮ್ಮಲ್ಲಿ ಬಿ.ಇಡಿ. ಮಾಡಿದವರಲ್ಲಿ ತರಗತಿಯಲ್ಲಿ ಯಾರು ಎಷ್ಟು ಮಾತನಾಡುತ್ತಾರೆಂದು ಅಳೆಯುವ ಫ್ಲ್ಯಾಂಡರ್ಸ್‌ನ ತರಗತಿ ಅಂತಃಕ್ರಿಯಾ ವಿಶ್ಲೇಷಣೆಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡದವರು ಕಡಿಮೆ: ಹತ್ತು ವರ್ಗಗಳು, ಅವುಗಳಲ್ಲಿ ಏಳು ಶಿಕ್ಷಕರ ಮಾತಿಗೆ, ಎರಡು ವಿದ್ಯಾರ್ಥಿಗಳ ಮಾತಿಗೆ, ಒಂದು ಮೌನ ಅಥವಾ ಗೊಂದಲಕ್ಕೆ, ಮೂರು ಸೆಕೆಂಡಿಗೊಂದು ಗುರುತು. ಅದನ್ನು ನೌಕರಿ ಸಿಕ್ಕ ಮೇಲೆ ಬಳಸಿದವರನ್ನು ನಾನು ಬೆರಳೆಣಿಕೆಯಷ್ಟೂ ಕಂಡಿರಲಿಲ್ಲ. ಈ ಶಿಕ್ಷಕಿ ಹಳೆಯ ನೋಟ್‌ಬುಕ್ ತೆಗೆದರು, ಮೊಬೈಲಿನ ರೆಕಾರ್ಡರ್ ತೆರೆದರು.

ಅದಕ್ಕೂ ಮೊದಲು ಅವರು ತೆಗೆದುಕೊಂಡ ಮೂರು ನಿರ್ಧಾರಗಳನ್ನು ಹೇಳಬೇಕು. ಮೊದಲನೆಯದು, ವಿಡಿಯೋ ಬೇಡ, ಧ್ವನಿ ಮಾತ್ರ ಸಾಕು ಎಂಬುದು. ಕ್ಯಾಮೆರಾ ಕಂಡರೆ ಮಕ್ಕಳು ಅಭಿನಯಕ್ಕೆ ಇಳಿಯುತ್ತಾರೆ, ಶಿಕ್ಷಕರೂ ಇಳಿಯುತ್ತಾರೆ. ಎರಡನೆಯದು, ಮುಖ್ಯಗುರುಗಳಿಗೂ ಪಾಲಕರ ಸಭೆಯಲ್ಲಿ ತಂದೆತಾಯಿಯರಿಗೂ ವಿಷಯ ತಿಳಿಸಿ ಒಪ್ಪಿಗೆ ಪಡೆದದ್ದು: ಧ್ವನಿಯನ್ನು ತಾನು ಕೇಳುತ್ತೇನೆ, ಬೇಕಾದರೆ ಒಬ್ಬ ಸಹೋದ್ಯೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳುತ್ತೇನೆ, ಯಾರಿಗೂ ಕಳಿಸುವುದಿಲ್ಲ, ಕೆಲಸ ಮುಗಿದ ಮೇಲೆ ಅಳಿಸುತ್ತೇನೆ ಎಂಬ ಷರತ್ತಿನೊಂದಿಗೆ. ಮೂರನೆಯದು, ಒಳ್ಳೆಯ ಪಾಠವನ್ನು ಆರಿಸಿ ಮುದ್ರಿಸಿಕೊಳ್ಳದೆ ನಿಗದಿಯಾದ ವಾರದ ಒಂದು ಪಿರಿಯಡ್ ಹೇಗಿರುತ್ತದೋ ಹಾಗೆಯೇ ಮುದ್ರಿಸುವುದು. ಎರಡನೆಯ ನಿರ್ಧಾರ ಮುಂದೆ ಇಡೀ ಪ್ರಯತ್ನವನ್ನು ಉಳಿಸಿತು. ಆ ಹೊತ್ತಿನಲ್ಲಿ ಅದು ಬರೀ ಸೌಜನ್ಯವೆಂದು ಅವರಿಗೆ ಅನ್ನಿಸಿತ್ತು.

ಇಪ್ಪತ್ತು ನಿಮಿಷದ ಪಾಠಕ್ಕೆ ಮೂರು ಸೆಕೆಂಡಿಗೊಂದರಂತೆ 400 ಗುರುತುಗಳು ಬೇಕು. ಮೊದಲ ರಾತ್ರಿ ಅವರು ಹತ್ತು ವರ್ಗಗಳನ್ನೂ ಹಿಡಿದು ಕುಳಿತರು. ಹೊಗಳಿದ್ದೋ, ಭಾವನೆಯನ್ನು ಒಪ್ಪಿದ್ದೋ ಎಂದು ಪ್ರತಿ ವಾಕ್ಯಕ್ಕೂ ನಿಲ್ಲಿಸಿ ಯೋಚಿಸಬೇಕಾಯಿತು. ಪಾಠದ ಕಾಲು ಭಾಗವೂ ಮುಗಿಯಲಿಲ್ಲ. ಸಂಶೋಧಕರಿಗೆಂದು ಮಾಡಿದ ಸಾಧನವನ್ನು ದಿನದ ಕೆಲಸ ಮುಗಿಸಿದ ಶಿಕ್ಷಕಿ ಇದ್ದಂತೆಯೇ ಬಳಸಲಾಗುವುದಿಲ್ಲ. ಹೆಚ್ಚಿನವರು ಇಲ್ಲಿಗೆ ಬಿಟ್ಟುಬಿಡುತ್ತಾರೆ. ಇವರು ಸಾಧನವನ್ನೇ ತಿದ್ದಿದರು. ಐದು ಸೆಕೆಂಡಿಗೊಂದು ಗುರುತು, ನಾಲ್ಕು ಕಂಬಗಳು: ನಾನು, ಎಲ್ಲರೂ ಒಟ್ಟಿಗೆ, ಒಂದು ಮಗು, ಮೌನ. ಈಗ ಇಪ್ಪತ್ತು ನಿಮಿಷಕ್ಕೆ 240 ಗುರುತುಗಳು. ಎಲ್ಲೂ ನಿಲ್ಲಿಸದೆ ಒಮ್ಮೆ ಕೇಳಿದರೆ ಕೆಲಸ ಮುಗಿಯುತ್ತದೆ.

"ಎಲ್ಲರೂ ಒಟ್ಟಿಗೆ" ಎಂಬ ಕಂಬ ಸಣ್ಣ ಬದಲಾವಣೆಯಂತೆ ಕಾಣಬಹುದು. ನನ್ನ ಮಟ್ಟಿಗೆ ಈ ಪ್ರಕರಣದ ಅತ್ಯಂತ ಜಾಣ ಹೆಜ್ಜೆ ಅದು. ಫ್ಲ್ಯಾಂಡರ್ಸ್‌ನ ಪಟ್ಟಿಯಲ್ಲಿ ಸಾಮೂಹಿಕ ಉತ್ತರಕ್ಕೆ ಬೇರೆ ಜಾಗವಿಲ್ಲ, ಅದೂ ವಿದ್ಯಾರ್ಥಿಯ ಪ್ರತಿಕ್ರಿಯೆಯ ವರ್ಗಕ್ಕೇ ಸೇರುತ್ತದೆ. ನಮ್ಮ ಶಾಲೆಗಳಲ್ಲಿ "ಹೌದಲ್ಲವೇ ಮಕ್ಕಳೇ?" ಎಂದರೆ "ಹೌದು ಮೇಡಂ" ಎಂಬ ಘೋಷ ತರಗತಿಯನ್ನು ತುಂಬುತ್ತದೆ. ಅದನ್ನು ಮಕ್ಕಳ ಮಾತೆಂದು ಎಣಿಸಿದರೆ ಯಾವ ತರಗತಿಯೂ ಚಟುವಟಿಕೆಯಿಂದ ಕೂಡಿದಂತೆಯೇ ಕಾಣುತ್ತದೆ.

ಮೊದಲ ಎಣಿಕೆ ಅವರ ಪುಸ್ತಕದಲ್ಲಿ ಹೀಗಿದೆ: ನಾನು 170, ಎಲ್ಲರೂ ಒಟ್ಟಿಗೆ 50, ಒಂದು ಮಗು 12, ಮೌನ 8. ಹನ್ನೆರಡು ಗುರುತು ಎಂದರೆ ಒಂದು ನಿಮಿಷ. ಇಪ್ಪತ್ತು ನಿಮಿಷದ ಭಾಷಾ ಪಾಠದಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಮಾತನಾಡಿದ್ದು ಎಲ್ಲ ಸೇರಿ ಒಂದು ನಿಮಿಷ, ಅದೂ ನಾಲ್ಕೇ ಮಕ್ಕಳು. ಆ ನಾಲ್ವರಲ್ಲಿ ತಾಂಡಾದ ಮಗು ಒಂದೂ ಇರಲಿಲ್ಲ. ಪುಟದ ಕೆಳಗೆ ಶಿಕ್ಷಕಿ ಬರೆದುಕೊಂಡ ಪ್ರಶ್ನೆ: "ಉಳಿದವರು ಮಾತನಾಡಲು ನಾನು ಎಲ್ಲಿ ಜಾಗ ಬಿಟ್ಟಿದ್ದೇನೆ?"

ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ಶುರುವಾದ ಸಮಸ್ಯೆ ಅಲ್ಲಿಗೆ ಬೇರೆ ರೂಪ ಪಡೆಯಿತು. ಅವರು ಕೈಗೆತ್ತಿಕೊಳ್ಳಬಲ್ಲ, ನಾಳೆಯೇ ಏನಾದರೂ ಮಾಡಿ ನೋಡಬಲ್ಲ ಪ್ರಶ್ನೆ ಅದು.

ಕಾಯುವುದು, ಮತ್ತು ಕಾದರೂ ಸಾಲದ್ದು

ಎರಡನೆಯ ಸಲ ಕೇಳಿದಾಗ ಅವರಿಗೆ ಕಂಡದ್ದು, ಪ್ರಶ್ನೆ ಕೇಳಿದ ಮರುಕ್ಷಣವೇ ತಾವೇ ಉತ್ತರದ ಮೊದಲ ಅಕ್ಷರವನ್ನು ಎತ್ತಿಕೊಡುತ್ತಿರುವುದು. "ಅಜ್ಜಿ ಎಲ್ಲಿಗೆ ಹೋದಳು? ಸಂ…?" ಮಕ್ಕಳು ಒಟ್ಟಾಗಿ "…ತೆಗೆ!" ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳನ್ನು ಗಮನಿಸಿ ಹೇಳಿದ್ದೂ ಇದನ್ನೇ. ಪ್ರಶ್ನೆಯ ನಂತರ ಶಿಕ್ಷಕರು ಸರಾಸರಿ ಒಂದು ಸೆಕೆಂಡ್ ಕಾಯುತ್ತಾರೆ, ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ತೆರೆಯುತ್ತಾರೆ ಎಂದು. ಶಿಕ್ಷಕಿ ಪ್ರಶ್ನೆ ಕೇಳಿ ಸೆರಗಿನ ಮರೆಯಲ್ಲಿ ಮೂರು ಬೆರಳು ಮಡಚತೊಡಗಿದರು.

ಮೊದಲ ವಾರಗಳಲ್ಲಿ ಅದು ಫಲ ಕೊಡಲಿಲ್ಲ. ಮೌನ ಕಂಡೊಡನೆ ಮಕ್ಕಳು ಬೈಗುಳ ಬರುತ್ತದೆಂದು ಅಂಜಿದರು. ಆಮೇಲೆ ಅಂಜಿಕೆ ಹೋಯಿತು, ಆದರೆ ಆ ಮೂರು ಸೆಕೆಂಡನ್ನು ಅದೇ ನಾಲ್ಕು ಮಕ್ಕಳು ತುಂಬಿದರು. ಕಾಯುವಿಕೆ ಚುರುಕಾದವರಿಗೆ ಇನ್ನಷ್ಟು ಅವಕಾಶ ಕೊಟ್ಟಿತ್ತು, ಅಷ್ಟೇ. ಸಿದ್ಧ ತಂತ್ರವೊಂದನ್ನು ತಂದು ತರಗತಿಗೆ ಹಚ್ಚಿದಾಗ ಹೀಗಾಗುವುದು ಸಹಜ. ಆದರೆ ಹಾಗಾಗಿದೆ ಎಂದು ತಿಳಿದದ್ದು ಎರಡನೆಯ ಎಣಿಕೆಯಿಂದ. ಎಣಿಕೆ ಇಲ್ಲದಿದ್ದರೆ, "ಕಾಯುವ ತಂತ್ರ ಅಳವಡಿಸಿಕೊಂಡಿದ್ದೇನೆ" ಎಂದು ವರದಿ ಬರೆದು ಮುಗಿಸಬಹುದಿತ್ತು.

ಈ ಹಂತದಲ್ಲಿ ಅವರು ಓದಲು ಹೊರಟರು. ಇದೊಂದು ತಿರುವು. ಹಿಂದೆ ಘಟಕ ಮೊದಲು, ತರಗತಿ ಆಮೇಲೆ. ಈಗ ಕೈಯಲ್ಲಿ ಪ್ರಶ್ನೆಯಿತ್ತು, ಅದಕ್ಕೆ ಬೇಕಾದದ್ದನ್ನು ಮಾತ್ರ ಹುಡುಕಿದರು. ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ನಡೆದ ಟೆಸ್-ಇಂಡಿಯಾ ಎಂಬ ಶಿಕ್ಷಕರ ತರಬೇತಿ ಯೋಜನೆಯ ಮುಕ್ತ ಸಂಪನ್ಮೂಲಗಳು ಕನ್ನಡದಲ್ಲಿವೆ. ಅವುಗಳಲ್ಲಿ ಜೋಡಿ ಕೆಲಸದ ಬಗ್ಗೆ, ಕಲಿಕೆಗಾಗಿ ಮಾತಿನ ಬಗ್ಗೆ, ಎಲ್ಲರನ್ನೂ ಒಳಗೊಳ್ಳುವ ಬಗ್ಗೆ ಚಿಕ್ಕ ಚಿಕ್ಕ ಬರಹಗಳಿವೆ. ಅವರು ಓದಿದ್ದು ಜೋಡಿ ಕೆಲಸದ್ದೊಂದನ್ನೇ. ಎರಡು ಪುಟ ಓದಿ, ಮರುದಿನ ಪ್ರಯೋಗಿಸಿ, ಮತ್ತೆ ಆ ಪುಟಗಳಿಗೆ ಮರಳಿದರು. ದೀಕ್ಷಾದಲ್ಲಿ ತಾವು ಮುಗಿಸಿದ್ದ ಘಟಕಗಳಲ್ಲಿ ಒಂದನ್ನು ಮತ್ತೆ ತೆರೆದು ನೋಡಿದ್ದಾಗಿಯೂ ಟಿಪ್ಪಣಿಯಿದೆ. ಮೊದಲ ಸಲ ಪ್ರಮಾಣಪತ್ರಕ್ಕಾಗಿ ಓಡಿಸಿದ್ದ ವಿಡಿಯೋವನ್ನು ಈ ಸಲ ಮೂರು ಕಡೆ ನಿಲ್ಲಿಸಿ ನೋಡಿದ್ದಾರೆ. ನಮ್ಮ ಸಂಪನ್ಮೂಲಗಳು ಕಳಪೆ ಎಂದು ದೂರುವವರು ಇದನ್ನು ಗಮನಿಸಬೇಕು. ಸಂಪನ್ಮೂಲ ಅದೇ ಇತ್ತು, ಓದುವವರ ಕೈಯಲ್ಲಿ ಈಗ ಒಂದು ಪ್ರಶ್ನೆ ಇತ್ತು.

ಹೊಸ ಕ್ರಮ ಹೀಗಾಯಿತು: ಪ್ರಶ್ನೆ ಕೇಳಿದ ಮೇಲೆ ಯಾರೂ ಕೈ ಎತ್ತುವಂತಿಲ್ಲ, ಪಕ್ಕದವರೊಂದಿಗೆ ಒಂದು ನಿಮಿಷ ಮಾತನಾಡಬೇಕು, ಯಾವ ಭಾಷೆಯಲ್ಲಾದರೂ ಸರಿ. ಆಮೇಲೆ ಶಿಕ್ಷಕಿ ಹೆಸರು ಕರೆದವರು ಕನ್ನಡದಲ್ಲಿ ಹೇಳಬೇಕು. ತರಗತಿಯಲ್ಲಿ ಲಂಬಾಣಿಯೂ ತೆಲುಗೂ ಕೇಳಿಬಂದವು. ಮುಖ್ಯಗುರುಗಳು ಬಾಗಿಲಲ್ಲಿ ನಿಂತು ಕೇಳಿದರು: ಕನ್ನಡದ ಪಿರಿಯಡ್‌ನಲ್ಲಿ ಇದೆಂಥ ಗದ್ದಲ? ಮೊದಲೇ ಕನ್ನಡ ಬಾರದ ಮಕ್ಕಳು, ಇನ್ನು ಶಾಲೆಯಲ್ಲೂ ಲಂಬಾಣಿಯೇ ಆದರೆ ಕಲಿಯುವುದು ಯಾವಾಗ?

ಆ ಆಕ್ಷೇಪದ ಹಿಂದೆ ಮಕ್ಕಳ ಬಗ್ಗೆ ನಿಜವಾದ ಕಾಳಜಿಯೇ ಇತ್ತು. ಶಿಕ್ಷಕಿ ನೀತಿಯ ಪುಟಗಳನ್ನು ಉದ್ಧರಿಸಿ ವಾದಕ್ಕೆ ಇಳಿಯಲಿಲ್ಲ. ಶಾಲೆ ಬಿಟ್ಟ ಮೇಲೆ ಅವರನ್ನು ಕೂರಿಸಿ ಧ್ವನಿಮುದ್ರಣದ ಒಂದು ತುಣುಕು ಕೇಳಿಸಿದರು. ಅದರಲ್ಲಿ ತಾಂಡಾದ ಹುಡುಗನೊಬ್ಬ ತನ್ನ ಜೊತೆಗಾರನೊಂದಿಗೆ ಲಂಬಾಣಿಯಲ್ಲಿ ಚರ್ಚಿಸಿ, ಎದ್ದು ನಿಂತು, ತಡವರಿಸುತ್ತ ಮೂರು ಕನ್ನಡ ವಾಕ್ಯ ಹೇಳುತ್ತಾನೆ. ಆವರೆಗಿನ ಯಾವ ಮುದ್ರಣದಲ್ಲೂ ಅವನ ಒಂಟಿ ದನಿ ಇರಲಿಲ್ಲ. ಮುಖ್ಯಗುರುಗಳು ಮಧ್ಯವಾರ್ಷಿಕ ಪರೀಕ್ಷೆಯವರೆಗೆ ಮುಂದುವರಿಸಿ ನೋಡೋಣ ಎಂದರು. ಆಮೇಲೆ ಯಾರೂ ಆ ಗಡುವಿನ ಮಾತೆತ್ತಲಿಲ್ಲ.

ಓದಿನಲ್ಲಿ ಎಲ್ಲಿ ಅಡ್ಡ ಬರುತ್ತಿದ್ದೇನೆ?

ಮಾತು ಹೆಚ್ಚಿದರೂ ಓದು ಹೆಚ್ಚಲಿಲ್ಲ. ಆಗಸ್ಟ್ ಹೊತ್ತಿಗೆ ಇದು ಸ್ಪಷ್ಟವಾಯಿತು. ಕತೆ ಕೇಳಿ ಚೆನ್ನಾಗಿ ಉತ್ತರಿಸುವ ಮಗು ಅದೇ ಕತೆಯನ್ನು ಓದಲು ಕೊಟ್ಟರೆ ಎರಡನೆಯ ಸಾಲಿನಲ್ಲಿ ನಿಲ್ಲುತ್ತಿತ್ತು. ನಾಲ್ಕು ಕಂಬಗಳ ಹಾಳೆ ಇದರ ಬಗ್ಗೆ ಏನನ್ನೂ ಹೇಳದು. ಶಿಕ್ಷಕಿ ಎರಡನೆಯ ಸಾಧನ ಹುಡುಕಿದರು: ಒಂದೊಂದೇ ಮಗುವಿನ ಓದನ್ನು ಒಂದೆರಡು ನಿಮಿಷ ಮುದ್ರಿಸಿ, ಮನೆಯಲ್ಲಿ ಪಠ್ಯದ ಪ್ರತಿಯ ಮೇಲೆ ತಪ್ಪುಗಳನ್ನು ಗುರುತು ಹಾಕುವುದು.

ಕನ್ನಡ ಲಿಪಿಯ ಬಗ್ಗೆ ಗೊತ್ತಿದ್ದವರಿಗೆ ಕಂಡುಬಂದ ತಪ್ಪುಗಳು ಅಚ್ಚರಿ ತರುವುದಿಲ್ಲ. ಒತ್ತಕ್ಷರ ಬಿಟ್ಟುಹೋಗುವುದು: "ಕಲ್ಲು" ಇದ್ದದ್ದು "ಕಲು" ಆಗುವುದು. "ಕೆ" ಮತ್ತು "ಕೇ", "ಕೊ" ಮತ್ತು "ಕೋ" ಅದಲುಬದಲಾಗುವುದು. "ಅಮ್ಮ" ಎಂಬುದನ್ನು ಕಣ್ಣು ಮುಚ್ಚಿ ಓದುವ ಮಗು "ಹೆಮ್ಮೆ" ಎಂಬಲ್ಲಿ ಎಡವುವುದು. ಮೊದಲನೆಯದನ್ನು ಅದು ಚಿತ್ರದಂತೆ ಗುರುತಿಸುತ್ತಿತ್ತೇ ಹೊರತು ಮಕಾರದ ಒತ್ತನ್ನು ಓದುತ್ತಿರಲಿಲ್ಲ. ಕನ್ನಡದ ಮಕ್ಕಳಿಗೆ ಅಕ್ಷರಜ್ಞಾನ ಕೈವಶವಾಗಲು ನಾಲ್ಕನೆಯ ತರಗತಿಯವರೆಗೂ, ಕೆಲವರಿಗೆ ಅದರಾಚೆಗೂ ಕಾಲ ಹಿಡಿಯುತ್ತದೆಂದು ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಶಾಲೆ ನೆಟ್ಟಗೆ ನಡೆದ ಕಾಲದ ಮಾತು ಅದು. ಎರಡು ವರ್ಷ ಕಳೆದುಕೊಂಡ ಈ ಮಕ್ಕಳು ಗುಣಿತಾಕ್ಷರದಲ್ಲೇ ತಡವರಿಸುತ್ತಿದ್ದರೆ ಅದರಲ್ಲಿ ದಡ್ಡತನವೇನೂ ಇಲ್ಲ.

ಆದರೆ ಗುರುತು ಹಾಕಿದ ತಪ್ಪುಗಳಲ್ಲಿ ಇನ್ನೊಂದು ರಾಶಿ ಇತ್ತು. ಪುಸ್ತಕದಲ್ಲಿ "ಹೋಗಿದ್ದಾನೆ" ಎಂದಿದ್ದರೆ ಊರಿನ ಮಕ್ಕಳು "ಹೋಗ್ಯಾನ" ಎಂದು ಓದುತ್ತಿದ್ದರು. "ಬಂದಿದ್ದಾನೆ" ಎಂಬುದು "ಬಂದಾನ" ಆಗುತ್ತಿತ್ತು. ಶಿಕ್ಷಕಿ ಅವುಗಳನ್ನೂ ಕೆಂಪು ಪೆನ್ನಿನಿಂದಲೇ ಗುರುತಿಸಿದ್ದರು. ಮುದ್ರಣದಲ್ಲಿ ಅವರ ದನಿ ಮಗುವಿನ ಓದನ್ನು ತಡೆಯುತ್ತಿದ್ದದ್ದೂ ಹೆಚ್ಚಾಗಿ ಇಂಥ ಕಡೆಗಳಲ್ಲೇ. ಒಂದು ತುಣುಕಿನಲ್ಲಿ ಹುಡುಗಿಯೊಬ್ಬಳು ಸರಾಗವಾಗಿ ಓದುತ್ತ ಬಂದು "ಹೋಗ್ಯಾನ" ಎನ್ನುತ್ತಾಳೆ, ಶಿಕ್ಷಕಿ ನಿಲ್ಲಿಸಿ ತಿದ್ದುತ್ತಾರೆ, ಹುಡುಗಿ ಮತ್ತೆ ಓದುವಾಗ ಅಕ್ಷರ ಅಕ್ಷರ ಒಡೆದು ಓದುತ್ತಾಳೆ, ಮುಂದಿನ ಸಾಲುಗಳೆಲ್ಲ ಹಾಗೆಯೇ ಸಾಗುತ್ತವೆ.

ಇದನ್ನು ಪಕ್ಕದ ಶಾಲೆಯ ಸಹೋದ್ಯೋಗಿಯೊಂದಿಗೆ ಕುಳಿತು ಕೇಳಿದಾಗ ಆ ಸಹೋದ್ಯೋಗಿ ಕೇಳಿದ ಪ್ರಶ್ನೆ ಹೀಗಿತ್ತು: "ಅರ್ಥವಾಗದೆ ಅವಳು ಹಾಗೆ ಬದಲಿಸಲು ಸಾಧ್ಯವೇ?" ಸಾಧ್ಯವಿಲ್ಲ. ಪುಸ್ತಕದ ಕನ್ನಡವನ್ನು ಕಣ್ಣಿನಿಂದ ಹಿಡಿದು, ಅರ್ಥ ಮಾಡಿಕೊಂಡು, ತನ್ನ ಮನೆಯ ಕನ್ನಡದಲ್ಲಿ ಹೇಳಿದ ಮಗು ಅದು. ತಪ್ಪಿನ ಪಟ್ಟಿಯಲ್ಲಿದ್ದದ್ದು ವಾಸ್ತವವಾಗಿ ತಿಳಿವಳಿಕೆಯ ಪುರಾವೆ. ಅಂದಿನಿಂದ ಅವರ ಹಾಳೆಯಲ್ಲಿ ಎರಡು ಬಣ್ಣಗಳು ಬಂದವು. ಲಿಪಿಯ ತಪ್ಪಿಗೆ ಕೆಂಪು, ಅದಕ್ಕೆ ದಿನಕ್ಕೆ ಹತ್ತು ನಿಮಿಷದ ಒತ್ತಕ್ಷರ ಮತ್ತು ಗುಣಿತದ ಕೆಲಸ. ಮನೆಮಾತಿನ ರೂಪಕ್ಕೆ ನೀಲಿ, ಅದನ್ನು ಓದಿನ ನಡುವೆ ತಿದ್ದುವುದಿಲ್ಲ, ಓದು ಮುಗಿದ ಮೇಲೆ "ಪುಸ್ತಕದಲ್ಲಿ ಹೇಗೆ ಬರೆದಿದ್ದಾರೆ ನೋಡೋಣ" ಎಂದು ಒಟ್ಟಿಗೆ ನೋಡುತ್ತಾರೆ. ಬರವಣಿಗೆಯಲ್ಲಿ ಪುಸ್ತಕದ ರೂಪವೇ ಬೇಕೆಂಬುದರಲ್ಲಿ ಅವರು ಸಡಿಲ ಮಾಡಲಿಲ್ಲ. ಅದು ಸರಿಯೆಂದೇ ನನ್ನ ಅಭಿಪ್ರಾಯ.

ಈ ತಿರುವಿಗೆ ಇನ್ನೊಬ್ಬರ ಕಿವಿ ಬೇಕಾಯಿತು. ಸ್ವಯಂ ತರಬೇತಿ ಎಂದರೆ ಒಬ್ಬರೇ ಮಾಡುವುದೆಂದು ಅನೇಕರು ತಿಳಿದಿದ್ದಾರೆ. ತನ್ನ ಅಭ್ಯಾಸಕ್ಕೆ ತಾನೇ ಕಿವುಡಾಗಿರುವಾಗ ಪಕ್ಕದಲ್ಲಿ ಕುಳಿತು ಒಂದೇ ಒಂದು ಪ್ರಶ್ನೆ ಕೇಳುವವರು ಬೇಕು, ಅವರು ಮೇಲಧಿಕಾರಿ ಆಗಿರಬಾರದು.

ಸೂಚನೆಯೊಂದು ಬಂದ ಮೇಲೆ

ದಸರಾ ರಜೆಯ ನಂತರ ಕೆಲಸ ಕುಂಟಿತು. ಒಬ್ಬ ಶಿಕ್ಷಕರಿಗೆ ವರ್ಗಾವಣೆಯಾಯಿತು, ಇನ್ನೊಬ್ಬರು ಮತದಾರರ ಪಟ್ಟಿಯ ಕೆಲಸಕ್ಕೆ ಹೋದರು, ಇವರಿಗೆ ಎರಡು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಹೊಣೆ ಬಿತ್ತು. ಧ್ವನಿಮುದ್ರಣ ಕೆಲವು ವಾರ ನಿಂತೇಹೋಯಿತು. ತಾಂಡಾದ ಕೆಲವು ಕುಟುಂಬಗಳು ಕಬ್ಬು ಕಡಿಯಲು ಊರು ಬಿಟ್ಟವು, ಮಕ್ಕಳೂ ಹೋದರು.

ಅದೇ ಹೊತ್ತಿಗೆ, ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಒಂದು ಸಮಾಲೋಚನಾ ಸಭೆಯಲ್ಲಿ ಈ ಪ್ರಯತ್ನದ ಸುದ್ದಿ ತಾಲ್ಲೂಕಿನ ಅಧಿಕಾರಿಯೊಬ್ಬರ ಕಿವಿಗೆ ಬಿತ್ತು. ಅವರು ಮನಸಾರೆ ಮೆಚ್ಚಿದರು, ಮೆಚ್ಚಿ ಎಲ್ಲರಿಗೂ ಅನ್ವಯಿಸಿದರು. ಪ್ರತಿ ಭಾಷಾ ಶಿಕ್ಷಕರೂ ತಿಂಗಳಿಗೊಂದು ಪಾಠವನ್ನು ಮುದ್ರಿಸಿ, ಕೋಷ್ಟಕ ತುಂಬಿ, ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕೆಂದು ಸೂಚನೆ ಹೊರಟಿತು. ನಾನು ಆ ಮುದ್ರಣಗಳಲ್ಲಿ ಕೆಲವನ್ನು ಕೇಳಿದ್ದೇನೆ. ಅವು ತಾಲೀಮು ಮಾಡಿದ ಪಾಠಗಳು. ಒಂದರಲ್ಲಿ ಶಿಕ್ಷಕರ ಪ್ರಶ್ನೆ ಮುಗಿಯುವ ಮೊದಲೇ ಮಗುವಿನ ಪೂರ್ಣ ವಾಕ್ಯದ ಉತ್ತರ ಬರುತ್ತದೆ. ಕೋಷ್ಟಕಗಳಲ್ಲಿ "ಒಂದು ಮಗು" ಎಂಬ ಕಂಬ ಎಲ್ಲರಲ್ಲೂ ಎತ್ತರವಾಗಿತ್ತು. ಆ ಶಿಕ್ಷಕರನ್ನು ನಾನು ದೂರುವುದಿಲ್ಲ. ನೂರಾರು ಜನರ ಗುಂಪಿನಲ್ಲಿ, ಮೇಲಧಿಕಾರಿಗಳ ಕಣ್ಣೆದುರು ತನ್ನ ತರಗತಿಯ ಬಿರುಕನ್ನು ಯಾರು ತೆರೆದಿಡುತ್ತಾರೆ? ತನ್ನ ಕೊರತೆಯನ್ನು ಕಾಣಲೆಂದು ಇದ್ದ ಸಾಧನ ತನ್ನ ಸಾಧನೆಯನ್ನು ತೋರಿಸುವ ಸಾಧನವಾಯಿತು. ಮೊದಲನೆಯ ಕೆಲಸ ಅಲ್ಲಿಗೆ ನಿಂತಿತು.

ನಮ್ಮ ಶಿಕ್ಷಕಿ ಏನೂ ಕಳಿಸಲಿಲ್ಲ. ಧಿಕ್ಕಾರವನ್ನೂ ತೋರಿಸಲಿಲ್ಲ. ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಸಮೂಹ ಸಂಪನ್ಮೂಲ ವ್ಯಕ್ತಿಗೆ ಒಂದು ಪತ್ರ ಬರೆದರು: ಪಾಲಕರು ಒಪ್ಪಿಗೆ ಕೊಟ್ಟಿರುವುದು ತಾನು ಕೇಳಲಿಕ್ಕಾಗಿ ಮಾತ್ರ, ಮಕ್ಕಳ ಧ್ವನಿಯನ್ನು ಬೇರೆಯವರಿಗೆ ಕಳಿಸುವುದಿಲ್ಲವೆಂದು ಸಭೆಯಲ್ಲಿ ಮಾತು ಕೊಟ್ಟಿದ್ದೇನೆ, ಹಾಳೆಯನ್ನು ಶಾಲೆಗೆ ಬಂದವರಿಗೆ ತೋರಿಸಲು ಸಿದ್ಧ. ಜುಲೈನಲ್ಲಿ ಸೌಜನ್ಯಕ್ಕೆಂದು ಹಾಕಿಕೊಂಡ ಷರತ್ತು ಈಗ ಗಟ್ಟಿ ಕಾರಣವಾಗಿ ನಿಂತಿತು. ಅದಕ್ಕೆ ಮರುಮಾತು ಬರಲಿಲ್ಲ. ಎರಡು ತಿಂಗಳಲ್ಲಿ ಗುಂಪಿಗೆ ಬರುವ ಮುದ್ರಣಗಳೂ ತೆಳುವಾದವು, ವಿಧಾನಸಭಾ ಚುನಾವಣೆಯ ತಯಾರಿಯಲ್ಲಿ ಸೂಚನೆಯೇ ಮರೆತುಹೋಯಿತು. ಉಳಿದುಕೊಂಡವರು ನಾಲ್ಕೈದು ಶಿಕ್ಷಕರು. ಅವರು ಸಮಾಲೋಚನಾ ಸಭೆ ಮುಗಿದ ಮೇಲೆ ಅರ್ಧ ಗಂಟೆ ಉಳಿದು, ಒಬ್ಬರ ಫೋನನ್ನು ಮೇಜಿನ ಮೇಲಿಟ್ಟು ಕೇಳುತ್ತಾರೆ. ಕೋಷ್ಟಕ ಅವರವರ ಪುಸ್ತಕದಲ್ಲೇ ಇರುತ್ತದೆ.

ಫಲಿತಾಂಶ

2023ರ ಫೆಬ್ರವರಿಯ ಎಣಿಕೆ ಹೀಗಿದೆ. ಜೋಡಿ ಮಾತು ಬಂದ ಮೇಲೆ ಹಾಳೆಗೆ ಐದನೆಯ ಕಂಬ ಸೇರಿತ್ತು. ನಾನು 110, ಎಲ್ಲರೂ ಒಟ್ಟಿಗೆ 25, ಒಂದು ಮಗು 45, ಜೋಡಿ 40, ಮೌನ 20. ಒಂಟಿಯಾಗಿ ಮಾತನಾಡಿದ ಮಕ್ಕಳು ಹದಿನೇಳು. ಎರಡು ಪಾಠಗಳನ್ನು ಪಕ್ಕಪಕ್ಕ ಇಟ್ಟು ದೊಡ್ಡ ತೀರ್ಮಾನಕ್ಕೆ ಬರಬಾರದು. ಪಾಠ ಬೇರೆ, ದಿನ ಬೇರೆ. ಆದರೆ ನಡುವಿನ ಎಣಿಕೆಗಳೂ ಇದೇ ದಿಕ್ಕಿನಲ್ಲಿವೆ.

ವಾರ್ಷಿಕ ಅಂಕಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಪುಸ್ತಕದ ಸಾಲನ್ನೇ ಉತ್ತರವಾಗಿ ಬರೆಯಬಹುದಾದ ಪ್ರಶ್ನೆಗಳಿಗೆ ಆ ಮಕ್ಕಳು ಮೊದಲೂ ಅಂಕ ಪಡೆಯುತ್ತಿದ್ದರು. ಎರಡನೆಯ ತರಗತಿಯ ಮಟ್ಟದ ಅಪರಿಚಿತ ಕತೆಯನ್ನು ಓದಿ ತಮ್ಮ ಮಾತಿನಲ್ಲಿ ಹೇಳುವ ಮಕ್ಕಳು ಈಗ ತರಗತಿಯ ಬಹುಪಾಲು. ಆಗದವರು ಆರು ಮಂದಿ. ಅವರಲ್ಲಿ ನಾಲ್ವರು ಕಬ್ಬಿನ ಗದ್ದೆಗೆ ಹೋಗಿ ಮಾರ್ಚ್‌ನಲ್ಲಿ ಮರಳಿದವರು. ಅವರ ದನಿ 2022ರ ನವೆಂಬರ್ ನಂತರದ ಒಂದು ಮುದ್ರಣದಲ್ಲೂ ಇಲ್ಲ. ತರಗತಿಯಲ್ಲಿ ಇರುವವರ ಬಗ್ಗೆ ಮಾತ್ರ ಹೇಳಬಲ್ಲ ಸಾಧನ ಅದು. ಈ ಪ್ರಯತ್ನವನ್ನು ಹೊಗಳುವಾಗ ಆ ನಾಲ್ವರನ್ನು ಬದಿಗಿಡಲು ಶಿಕ್ಷಕಿ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ.

ಬೇರೆಯವರು ಇದನ್ನು ಮಾಡಲು ಹೊರಟರೆ ಹಾಳೆಯನ್ನು ನಕಲು ಮಾಡಿಕೊಳ್ಳುವುದರಿಂದ ಹೆಚ್ಚು ಲಾಭವಿಲ್ಲ. ಆ ಸಣ್ಣ ಗುಂಪಿನಲ್ಲಿರುವ ಇಂಗ್ಲಿಷ್ ಶಿಕ್ಷಕರು ಅದೇ ಐದು ಕಂಬಗಳನ್ನು ಬಳಸಿ ನೋಡಿದರು, ಹೊಂದಲಿಲ್ಲ. ಮಕ್ಕಳಿಗೆ ಪೂರಾ ಹೊಸದಾದ ಭಾಷೆಯಲ್ಲಿ ಒಟ್ಟಾಗಿ ಹೇಳುವುದಕ್ಕೆ ಒಂದು ಹಂತದವರೆಗೆ ಬೆಲೆಯಿದೆ, ನಾಚಿಕೆ ಕಳೆಯಲು ಅದು ಬೇಕು. ಅವರ ಪ್ರಶ್ನೆ ಬೇರೆಯಾಗಿತ್ತು: ನಾನು ಇಂಗ್ಲಿಷ್ ವಾಕ್ಯ ಹೇಳಿದ ಮರುಕ್ಷಣವೇ ಕನ್ನಡದಲ್ಲಿ ಹೇಳಿಬಿಡುತ್ತೇನೆಯೇ? ಅವರ ಹಾಳೆಯಲ್ಲಿ ಈಗ ಎರಡೇ ಕಂಬಗಳಿವೆ, ಅನುವಾದಿಸಿದ್ದು ಮತ್ತು ಅನುವಾದಿಸದೆ ಕಾದದ್ದು.

ಶಿಕ್ಷಕಿಯ ಪುಸ್ತಕದಲ್ಲಿ ಮುಂದಿನ ವರ್ಷದ ಜೂನ್ ತಿಂಗಳ ಮೊದಲ ಪುಟಕ್ಕೆ ಎರಡು ಸಾಲುಗಳಿವೆ. ಒಂದು, ಮಕ್ಕಳ ಬರಹದ ಮೇಲೆ ತಾವು ಮಾಡುವ ತಿದ್ದುಪಡಿಗಳ ಬಗ್ಗೆ. ಅದಕ್ಕೆ ಧ್ವನಿಯ ಬದಲು ನೋಟ್‌ಬುಕ್ ಪುಟಗಳ ಫೋಟೋಗಳನ್ನು ಪುರಾವೆಯಾಗಿ ಇಟ್ಟುಕೊಳ್ಳುವ ಯೋಜನೆ. ಇನ್ನೊಂದು ಆ ನಾಲ್ವರು ಮಕ್ಕಳ ಬಗ್ಗೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಅವರು ವಲಸೆ ಹೋದವರ ಮಕ್ಕಳಿಗಾಗಿ ನಡೆಯುವ ಟೆಂಟ್ ಶಾಲೆಗೋ ಬೇರೆ ಸರ್ಕಾರಿ ಶಾಲೆಗೋ ಸೇರಿದರೆ ಅವರವರ ಓದಿನ ಕೆಂಪು-ನೀಲಿ ಹಾಳೆಯನ್ನು ಅವರ ಜೊತೆಯಲ್ಲೇ ಕಳಿಸಬೇಕು, ಅಲ್ಲಿಯ ಶಿಕ್ಷಕರಿಗೆ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗಬೇಕು ಎಂದು ಬರೆದಿದ್ದಾರೆ. ಹಾಳೆಗಳ ಪ್ರತಿಗಳು ತಯಾರಾಗಿವೆ. ಅವು ಅಲ್ಲಿಯವರ ಕೈ ಸೇರಲು ಯಾರ ಮೂಲಕ ಹೋಗಬೇಕೆಂಬ ಪ್ರಶ್ನೆಯನ್ನು ಅವರು ಸಮೂಹ ಸಂಪನ್ಮೂಲ ವ್ಯಕ್ತಿಯ ಮುಂದೆ ಇಟ್ಟಿದ್ದಾರೆ. ಉತ್ತರ ಇನ್ನೂ ಬರಬೇಕಿದೆ.